ಕತ್ತಲಲ್ಲಿ ಕೆಂಪೇರುವ ದಂಟು

ಇಂಗ್ಲೆಂಡಿನ ಹಿತ್ತಲುಗಳಲ್ಲಿ, ಬೇರಾವ ಹಣ್ಣೂ ಕೈಗೆ ಸಿಗದ ಚಳಿಗಾಲದ ಕೊನೆಯ ದಿನಗಳಲ್ಲಿ ಮೊದಲು ತಲೆಯೆತ್ತುವ ಬೆಳೆ ರುಬಾರ್ಬ್. ಸಸ್ಯಶಾಸ್ತ್ರದ ಪ್ರಕಾರ ಇದು ತರಕಾರಿಯಾದರೂ ಅಡುಗೆಮನೆಯಲ್ಲಿ ಇದಕ್ಕೆ ಹಣ್ಣಿನ ಮರ್ಯಾದೆಯೇ ಸಲ್ಲುತ್ತದೆ. ಬೇರುಬುಡವನ್ನು ಗೊಬ್ಬರ ತುಂಬಿದ ಮಣ್ಣಿನಲ್ಲಿ ಊರಿ, ಅದು ಬಲಗೊಳ್ಳಲೆಂದು ಮೊದಲ ವರ್ಷ ಒಂದು ದಂಟನ್ನೂ ಮುಟ್ಟದೆ ಬಿಟ್ಟರೆ, ಗಿಡವು ಮುಂದೆ ಹಲವು ವರ್ಷ ಕೈತುಂಬ ಕೊಡುತ್ತದೆ.

ಇದರ ಕೃಷಿಯಲ್ಲಿ ಅತ್ಯಂತ ಸೊಗಸಾದುದು ಕತ್ತಲಲ್ಲಿ ಬೆಳೆಸುವ ವಿಧಾನ: ಚಿಗುರೊಡೆಯುವ ಮುನ್ನ ಬುಡದ ಮೇಲೆ ಎತ್ತರದ ಮಣ್ಣಿನ ಕುಂಡವನ್ನು ಬೋರಲು ಹಾಕಿದರೆ, ಬೆಳಕನ್ನು ಅರಸುವ ಚಿಗುರು ಬೇರಿನಲ್ಲಿ ಕೂಡಿಟ್ಟ ಸತ್ವವನ್ನೇ ಬಳಸಿಕೊಂಡು ನೀಳವಾಗಿ ಬೆಳೆದು, ನಾರು ಕಡಿಮೆಯ, ನಸುಗೆಂಪಿನ ಎಳೆದಂಟಾಗುತ್ತದೆ. ಯಾರ್ಕ್‌ಷೈರ್‌ನ ವೇಕ್‌ಫೀಲ್ಡ್ ಸುತ್ತಿನ ರೈತರು ಇದನ್ನು ಕತ್ತಲೆಯ ಶೆಡ್ಡುಗಳಲ್ಲಿ ಬೆಳೆದು ಮೇಣದಬತ್ತಿಯ ಬೆಳಕಿನಲ್ಲಿ ಕೀಳುತ್ತಾರೆ. 2010ರಲ್ಲಿ ಯುರೋಪಿಯನ್ ಒಕ್ಕೂಟವು ಯಾರ್ಕ್‌ಷೈರ್‌ನ ಈ ರುಬಾರ್ಬ್‌ನ ಹೆಸರು ಆ ಪ್ರದೇಶದ ಬೆಳೆಗಷ್ಟೇ ಸಲ್ಲುವಂತೆ ಸಂರಕ್ಷಿತ ಮೂಲಸ್ಥಾನದ ಮನ್ನಣೆ ನೀಡಿತು.

ದಂಟನ್ನು ಚಾಕುವಿನಿಂದ ಕೊಯ್ಯದೆ, ಬುಡದಲ್ಲಿ ಹಿಡಿದು ತುಸು ತಿರುಚಿ ಎಳೆಯಬೇಕು. ಎಲೆಗಳಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚಿರುವುದರಿಂದ ಅವು ವಿಷಕರ, ಅವನ್ನು ತಿನ್ನಲೇಬಾರದು. ಹೆಚ್ಚಿದ ದಂಟಿಗೆ ಸಕ್ಕರೆ, ಶುಂಠಿ ಬೆರೆಸಿ, ಬೆಣ್ಣೆ, ಹಿಟ್ಟು, ಸಕ್ಕರೆಗಳನ್ನು ಉದುರುದುರಾಗಿ ತಿಕ್ಕಿ ಮೇಲೆ ಹರಡಿ, ಓವನ್ನಿನಲ್ಲಿ ಹೊಂಬಣ್ಣ ಬರುವವರೆಗೆ ಬೇಯಿಸಿದರೆ ಸಿದ್ಧವಾಗುವ ಕ್ರಂಬಲ್ ಎಂಬ ತಿನಿಸಿನಲ್ಲಿ ಈ ದಂಟಿನ ಹುಳಿ ಸಿಹಿಯೊಡನೆ ಹದವಾಗಿ ಕೂಡುತ್ತದೆ.