ಕೈತುತ್ತಿಗಾಗಿ ಅತ್ತ ಮೇಲೆ

ಗೆಳತಿಯೊಬ್ಬಳು ಗಂಡ ಮತ್ತು ಮೂರು ವರ್ಷದ ಮಗನ ಜೊತೆ ಬೆಂಗಳೂರು ಬಿಟ್ಟು ಓಸ್ಲೋಗೆ ಹೊರಟಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮೊದಲ ಸಲಹೆ ಸ್ವೆಟರ್ ಬಗ್ಗೆ ಆಗಿರಲಿಲ್ಲ. "ಅಲ್ಲಿ ಯಾರೆದುರಿಗೂ ಮಗೂಗೆ ಕೈಯಲ್ಲಿ ತಿನ್ನಿಸಬೇಡ್ವೇ, ಎತ್ಕೊಂಡು ಹೋಗ್ಬಿಡ್ತಾರೆ!" ಹೀಗಂದವಳು ನಾರ್ವೆ ನೋಡಿದವಳಲ್ಲ, 'ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ' ನೋಡಿದವಳು. ನಾವೆಲ್ಲ ನೋಡಿದ್ದೆವು. ನಾನಂತೂ ಮೂಗು ಸೋರುವಷ್ಟು ಅತ್ತಿದ್ದೆ.

ಮೊನ್ನೆ ಮತ್ತೊಮ್ಮೆ ನೋಡಿದೆ. ಈ ಸಲ ಅಳು ಬರಲಿಲ್ಲ, ಸಿಟ್ಟು ಬಂತು. ನಾರ್ವೆ ಮೇಲಲ್ಲ, ಸಿನಿಮಾ ಮೇಲೆ.

ನೋಡದವರಿಗೆ ಚುಟುಕಾಗಿ ಹೇಳ್ತೀನಿ. ಆಶಿಮಾ ಛಿಬ್ಬರ್ ನಿರ್ದೇಶನದ ಈ ಚಿತ್ರ ಬಂದದ್ದು 2023ರಲ್ಲಿ. ಹಿಂದಿರುವುದು ನಿಜವಾದ ಪ್ರಕರಣ. 2011ರಲ್ಲಿ ನಾರ್ವೆಯ ಸ್ಟವಾಂಗರ್‌ನಲ್ಲಿದ್ದ ಬಂಗಾಳಿ ದಂಪತಿಯ ಇಬ್ಬರು ಪುಟ್ಟ ಮಕ್ಕಳನ್ನು ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆ, ಅಂದರೆ ಬಾರ್ನೆವರ್ನೆಟ್, ತನ್ನ ವಶಕ್ಕೆ ತೆಗೆದುಕೊಂಡಿತು. ಎರಡು ಸರ್ಕಾರಗಳ ನಡುವೆ ಮಾತುಕತೆ ನಡೆದು 2012ರಲ್ಲಿ ಮಕ್ಕಳು ಭಾರತಕ್ಕೆ, ಚಿಕ್ಕಪ್ಪನ ಸುಪರ್ದಿಗೆ ಬಂದರು. ತಾಯಿಗೆ ಅವರು ಸಿಕ್ಕಿದ್ದು 2013ರಲ್ಲಿ, ಕಲ್ಕತ್ತಾ ಹೈಕೋರ್ಟಿಗೆ ಹೋದ ಮೇಲೆ. ಆ ತಾಯಿಯ ಪಾತ್ರಕ್ಕೆ ರಾಣಿ ಮುಖರ್ಜಿಗೆ ರಾಷ್ಟ್ರಪ್ರಶಸ್ತಿ ಬಂತು. ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರಿರುವುದು ಮನೆಗೆ ಬರುವ ಆ ಸೋಷಿಯಲ್ ವರ್ಕರ್ ಹೆಂಗಸರ ಬಗ್ಗೆ. ಬಂದ ಕ್ಷಣದಿಂದಲೇ ಅವರು ವಿಲನ್‌ಗಳು. ಮುಖದಲ್ಲಿ ಅನುಮಾನ, ಕೈಯಲ್ಲಿ ಟಿಪ್ಪಣಿ. ಅವರ ಕಣ್ಣಿಗೆ ಬೀಳುವುದೇನು? ತಾಯಿ ಕೈಯಲ್ಲಿ ತಿನ್ನಿಸುತ್ತಾಳೆ. ಮಕ್ಕಳು ಅಪ್ಪ ಅಮ್ಮನ ಹಾಸಿಗೆಯಲ್ಲೇ ಮಲಗುತ್ತಾರೆ. ಗಂಡ ಮನೆಗೆಲಸಕ್ಕೆ ಕೈ ಹಚ್ಚಲ್ಲ. ಹೆಂಡತಿ ದಣಿದಿದ್ದಾಳೆ, ಭಾಷೆ ಬರಲ್ಲ, ಹೇಳಿಕೊಳ್ಳೋಕೆ ಸುತ್ತ ತನ್ನವರು ಅಂತ ಯಾರಿಲ್ಲ. ಇದರಲ್ಲಿ ಸಂಪ್ರದಾಯ ಯಾವುದು, ಸಂಕಟ ಯಾವುದು? ಪರದೇಶದ ಸಂಸಾರದ ಬಾಗಿಲು ತಟ್ಟುವ ಯಾವುದೇ ಸೋಷಿಯಲ್ ವರ್ಕರ್‌ಗೆ ಇರುವ ನಿಜವಾದ ಕಷ್ಟ ಇದೇ. ಸಿನಿಮಾ ಈ ಪ್ರಶ್ನೆ ಕೇಳುವುದೇ ಇಲ್ಲ. ಗಂಡ ಕೈ ಎತ್ತುವುದನ್ನು ಅದೇ ಸಿನಿಮಾ ತೋರಿಸುತ್ತದೆ. ಆದರೆ ಆ ಮನೆಯಲ್ಲಿ ಮಕ್ಕಳು ಹೇಗಿದ್ದಾರೆ ಅಂತ ಯಾರಾದರೂ ಹೊರಗಿನವರು ವಿಚಾರಿಸಬೇಕಿತ್ತಲ್ವಾ ಎಂಬ ಮಾತಿಗೆ ಬಂದಾಗ ಕ್ಯಾಮೆರಾ ಮುಖ ತಿರುಗಿಸಿಬಿಡುತ್ತದೆ. ಕೈತುತ್ತೇ ಇಡೀ ಭಾರತ ಆಗಿಬಿಡುತ್ತದೆ, ಇಲಾಖೆಯೇ ಇಡೀ ನಾರ್ವೆ. ಆಮೇಲೆ ಉಳಿಯುವುದು ಮ್ಯಾಚ್ ಅಷ್ಟೇ, ನಾವು ನಮ್ಮ ಟೀಮಿಗೆ ಚಪ್ಪಾಳೆ ಹೊಡೀತೀವಿ.

ಸಿನಿಮಾ ಬಿಡುಗಡೆಯಾದಾಗ ಭಾರತದಲ್ಲಿದ್ದ ನಾರ್ವೆ ರಾಯಭಾರಿ, ಕೈಯಲ್ಲಿ ತಿನ್ನಿಸಿದ್ದಕ್ಕೋ ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಂಡಿದ್ದಕ್ಕೋ ಮಕ್ಕಳನ್ನು ಕಸಿಯುವುದಿಲ್ಲ ಎಂದು ಪತ್ರಿಕೆಯಲ್ಲಿ ಬರೆದರು. ಸರ್ಕಾರದ ಕಡೆಯವರು ಹಾಗೆ ಹೇಳದೆ ಇನ್ನೇನು ಹೇಳ್ತಾರೆ ಅಂತೀರಾ? ಸರಿ, ಅವರ ಮಾತು ಬಿಡಿ. ನಾರ್ವೆಯನ್ನು ಬೈಯಲು ಗಟ್ಟಿ ಆಧಾರವೇ ಇದೆ. ಸೊಮಾಲಿಯಾ ಮೂಲದ ಮುಸ್ಲಿಂ ತಾಯಿಯೊಬ್ಬಳ ಮಗುವನ್ನು ಕ್ರೈಸ್ತ ಕುಟುಂಬವೊಂದಕ್ಕೆ ಒಪ್ಪಿಸಿ, ಕೊನೆಗೆ ದತ್ತು ಕೊಡಲು ಅನುಮತಿಸಿದ ಪ್ರಕರಣದಲ್ಲಿ, ಕುಟುಂಬ ಜೀವನದ ಹಕ್ಕಿನ ಉಲ್ಲಂಘನೆಯಾಗಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಅದಕ್ಕೂ ಮುಂಚೆ, 2019ರಲ್ಲಿ ಅದೇ ನ್ಯಾಯಾಲಯ ನಾರ್ವೆ ವಿರುದ್ಧ ಇಂಥದೇ ಇನ್ನೊಂದು ತೀರ್ಪು ಕೊಟ್ಟಿತ್ತು. ಅಲ್ಲಿದ್ದ ತಾಯಿ ವಲಸಿಗಳಲ್ಲ, ನಾರ್ವೆಯವಳೇ!

ಅಂದರೆ ರೋಗ ಬರೀ 'ನಮ್ಮ ಸಂಸ್ಕೃತಿ ಅವರಿಗೆ ಅರ್ಥವಾಗಲ್ಲ' ಅನ್ನೋದಲ್ಲ. ಮಗುವನ್ನು ಒಮ್ಮೆ ಕರೆದೊಯ್ದ ಮೇಲೆ ತಾಯಿಗೆ ವರ್ಷಕ್ಕೆ ಬೆರಳೆಣಿಕೆಯ ಭೇಟಿ, ಅದೂ ಒಂದೆರಡು ಗಂಟೆ. ಆಮೇಲೆ 'ಮಗುವಿಗೆ ತಾಯಿಯ ಹಚ್ಚಿಕೆಯೇ ಇಲ್ಲ' ಎಂಬ ಷರಾ. ಹೀಗೆ ಬಾಂಧವ್ಯವನ್ನು ಒಣಗಿಸುವ ಕ್ರಮವೇ ರೋಗ. ವಲಸೆ ಬಂದವಳಿಗೆ ಇದರ ಪೆಟ್ಟು ದುಪ್ಪಟ್ಟು, ಯಾಕಂದ್ರೆ ಮಗುವಿನ ನಾಲಿಗೆಯಿಂದ ಅವಳ ಭಾಷೆಯೂ ಹೋಗಿಬಿಡುತ್ತದೆ. ಇದು ಸಿನಿಮಾ ಆಗಬಹುದಿತ್ತು. ಆದರೆ ಇದಕ್ಕೆ ವಿಲನ್ ನಗು ಸಾಲದು, ಫೈಲು ತೆರೆದು ತೋರಿಸಬೇಕು.

ಇದೇ ನಾರ್ವೆಯ ಇನ್ನೊಂದು ಸಿನಿಮಾ ಇದೆ. ಪಾಕಿಸ್ತಾನಿ ಮೂಲದ ಇರಾಮ್ ಹಕ್ 2017ರಲ್ಲಿ ಮಾಡಿದ್ದು. ಹೆಸರನ್ನು ಕನ್ನಡಕ್ಕೆ ತಂದರೆ 'ಜನ ಏನಂತಾರೆ'. ನಮ್ಮ ಮನೆಗಳಲ್ಲಿ ದಿನಾ ಕೇಳುವ ಮಾತೇ! ಹದಿಹರೆಯದ ನಿಶಾಳ ಕೋಣೆಯಲ್ಲಿ ಹುಡುಗನೊಬ್ಬ ಸಿಕ್ಕಿಬೀಳುತ್ತಾನೆ. ಅಪ್ಪ ಹೊಡೆಯುತ್ತಾನೆ, ಇಲಾಖೆ ಬರುತ್ತದೆ. ಅಮ್ಮನ ಫೋನಿನ ಮಾತು ನಂಬಿ ಹುಡುಗಿ ಹೊರಬಂದರೆ, ಮನೆಯವರು ಅವಳನ್ನು ನೇರ ಪಾಕಿಸ್ತಾನಕ್ಕೆ ಸಾಗಿಸುತ್ತಾರೆ. ನಿರ್ದೇಶಕಿ ಹದಿನಾಲ್ಕನೇ ವಯಸ್ಸಿನಲ್ಲಿ ತಾನೇ ಅನುಭವಿಸಿದ್ದು ಇದು. ಮುಂದೆ ವಾಪಸ್ ಬಂದ ನಿಶಾ, ಎಲ್ಲ ಸರಿ ಇದೆ ಎಂದು ಭಯದಲ್ಲೇ ಅಧಿಕಾರಿಗಳಿಗೆ ಹೇಳುತ್ತಾಳೆ. ಅಪ್ಪನ ಪಾತ್ರ ನಮ್ಮ ಅದಿಲ್ ಹುಸೇನ್ ಅವರದು. ಆತ ರಾಕ್ಷಸ ಅಲ್ಲ, ಮಗಳನ್ನು ಪ್ರೀತಿಸುವ ಅಪ್ಪನೇ. ಅದಕ್ಕೇ ನೋಡುವಾಗ ಕುರ್ಚಿಯಲ್ಲಿ ಕೂರಲಾಗಲ್ಲ. ಇಲ್ಲಿ ಇಲಾಖೆಯ ತಪ್ಪು ಕಸಿದದ್ದಲ್ಲ, ಬಿಟ್ಟುಕೊಟ್ಟದ್ದು.

'ಅದು ಅವರ ಸಂಸ್ಕೃತಿ' ಎಂದು ಬಿಟ್ಟುಬಿಡುವುದು ಎಷ್ಟು ದುಬಾರಿ ಅನ್ನೋದಕ್ಕೆ ಲಂಡನ್ನಿನಲ್ಲಿ ಒಂದು ದಾಖಲೆಯೇ ಇದೆ. ಐವರಿ ಕೋಸ್ಟ್‌ನಿಂದ ಬಂದ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯನ್ನು ಸಾಕುತ್ತಿದ್ದ ಸಂಬಂಧಿಕ ಹೆಂಗಸು ಮತ್ತವಳ ಗೆಳೆಯ ಹಿಂಸಿಸಿ 2000ದಲ್ಲಿ ಕೊಂದರು. ಆ ಹೆಂಗಸಿನೆದುರು ಮಗು ಅಟೆನ್ಷನ್‌ನಲ್ಲಿ ನಿಲ್ಲುತ್ತಿತ್ತು. ಅದು ಭಯವೆಂದು ಹೊಳೆಯದೆ, ಅವರ ಕಡೆ ಹಿರಿಯರಿಗೆ ಗೌರವ ತೋರಿಸುವ ರೀತಿ ಅಂದುಕೊಂಡರು. 2003ರಲ್ಲಿ ಬಂದ ಲಾರ್ಡ್ ಲ್ಯಾಮಿಂಗ್ ವರದಿ ಇದನ್ನೆಲ್ಲ ಬಿಡಿಸಿಟ್ಟಿತು. ಸಂಸ್ಕೃತಿಯನ್ನು ಅಪರಾಧ ಅಂದುಕೊಳ್ಳುವುದು, ಅಪರಾಧವನ್ನು ಸಂಸ್ಕೃತಿ ಅಂದುಕೊಳ್ಳುವುದು, ಎರಡೂ ಕಡೆ ಆಗುವುದು ಒಂದೇ: ಯಾರೂ ಆ ಮಗುವಿನ ಜೊತೆ ಅದರದೇ ಭಾಷೆಯಲ್ಲಿ, ಒಂಟಿಯಾಗಿ ಕೂತು ಮಾತಾಡಿರುವುದಿಲ್ಲ. ನಾರ್ವೆಯಲ್ಲಿ 2022ರಿಂದ ದುಭಾಷಿಗಳ ಬಗ್ಗೆಯೇ ಒಂದು ಕಾಯ್ದೆ ಜಾರಿಯಲ್ಲಿದೆ, ಮಕ್ಕಳನ್ನು ದುಭಾಷಿ ಮಾಡಿಕೊಳ್ಳುವುದನ್ನು ಅದು ನಿಷೇಧಿಸುತ್ತದೆ. ಸಿನಿಮಾಕ್ಕೆ ಒದಗದ ಸಪ್ಪೆ ಸಂಗತಿ ಅನ್ನಿಸಬಹುದು. ಸಂಸಾರಗಳು ಉಳಿಯುವುದು ಇಂಥ ಸಪ್ಪೆ ಸಂಗತಿಗಳಿಂದಲೇ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ಓಸ್ಲೋಗೆ ಹೋದ ಆ ಗೆಳತಿ ಹೋದ ಚಳಿಗಾಲದಲ್ಲಿ ಫೋನ್ ಮಾಡಿದ್ದಳು. (ಅವಳನ್ನು ಕೇಳಿಯೇ ಬರೀತಿದ್ದೀನಿ.) ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು, ಗಂಡ ಆಫೀಸಿನಲ್ಲಿ, ಮಗ ಬೆಳಗ್ಗಿಂದ ಹಟ. "ಹೊಡೆದುಬಿಟ್ಟೆ ಕಣೇ. ಕೆನ್ನೆ ಮೇಲೆ ಬೆರಳು ಮೂಡಿತ್ತು. ಯಾರಿಗೆ ಹೇಳ್ಲಿ?"

ನಾವೆಲ್ಲ ಏಟು ತಿಂದೇ ಬೆಳೆದವರು. ಆದರೆ ಆ ದೇಶದಲ್ಲಿ ಮಕ್ಕಳನ್ನು ಹೊಡೆಯುವುದು 1987ರಿಂದಲೇ ನಿಷಿದ್ಧ. ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದು ಕಾನೂನಲ್ಲ, ಸಹಾಯ. ಮಗನಿಗೆ ಲಸಿಕೆ ಹಾಕುವ ಆರೋಗ್ಯ ಕೇಂದ್ರದಲ್ಲಿ ಒಬ್ಬ ನರ್ಸ್ ಇದ್ದಾಳೆ, ತುಂಬ ಒಳ್ಳೆಯವಳಂತೆ.

"ಅವಳ ಹತ್ರ ಹೇಳು," ಅಂದೆ.

"ಹುಚ್ಚಾ ನಿಂಗೆ? ಸಿನಿಮಾ ನೋಡಿಲ್ವಾ?"

ನನ್ನ ಬಾಯಿ ಕಟ್ಟಿತು. ನರ್ಸ್ ನಿಜಕ್ಕೂ ಸಹಾಯ ಮಾಡುತ್ತಿದ್ದಳೋ, ವರದಿ ಬರೆಯುತ್ತಿದ್ದಳೋ, ನನಗೂ ಖಾತ್ರಿ ಇರಲಿಲ್ಲ. ಮಾತು ಬದಲಿಸಲು, ಈಗಲೂ ಕೈಯಲ್ಲೇ ತಿನ್ನಿಸ್ತೀಯಾ ಅಂತ ಕೇಳಿದೆ.

"ಹ್ಞೂಂ," ಅಂದಳು. "ಕರ್ಟನ್ ಎಳ್ಕೊಂಡು."