ಕೀಲೆಣ್ಣೆಯಲ್ಲಿ ಗ್ರ್ಯಾಫೈಟ್

ಯಂತ್ರಗಳ ಕೀಲೆಣ್ಣೆಗೆ ಗ್ರ್ಯಾಫೈಟಿನ ನುಣ್ಪುಡಿಯನ್ನು ಬೆರೆಸುವ ಪದ್ಧತಿಯು ಶತಮಾನಕ್ಕೂ ಮಿಕ್ಕು ಬಾಳಿಬಂದಿದ್ದರೂ, ಅದನ್ನು ಸಕಲ ಘರ್ಷಣೆಗೂ ಮದ್ದೆಂದು ಹೊಗಳುವವರ ಮತ್ತು ಶುದ್ಧವಾದ ಎಣ್ಣೆಯನ್ನು ಕೆಡಿಸುವ ಮಸಿಯೆಂದು ತಳ್ಳಿಹಾಕುವವರ ವಾದವು ಇನ್ನೂ ತೀರಿಲ್ಲ. ಯಾವ ಯಂತ್ರದಲ್ಲಿ, ಎಷ್ಟು ಭಾರದ ಕೆಳಗೆ, ಎಂಥ ಉಷ್ಣತೆಯಲ್ಲಿ ಎಂದು ಕೇಳದೆಯೇ ಎರಡು ಪಕ್ಷಗಳೂ ತೀರ್ಪನ್ನಿತ್ತಿರುವುದರಿಂದ ಎರಡನ್ನೂ ಒಪ್ಪುವುದು ನನಗೆ ಅಸಾಧ್ಯವಾಗಿದೆ.

ಈ ಪದ್ಧತಿಗೆ ಶಾಸ್ತ್ರೀಯವಾದ ರೂಪವನ್ನಿತ್ತವನು ಅಮೆರಿಕದ ಎಡ್ವರ್ಡ್ ಗುಡ್‌ರಿಚ್ ಅಚೆಸನ್. ವಿದ್ಯುತ್ ಕುಲುಮೆಯಲ್ಲಿ ಕೃತಕ ಗ್ರ್ಯಾಫೈಟನ್ನು ತಯಾರಿಸುವ ವಿಧಾನಕ್ಕೆ 1896ರಲ್ಲಿ ಪೇಟೆಂಟ್ ಪಡೆದಿದ್ದ ಈತನಿಗೆ ಎದುರಾದ ತೊಡಕೆಂದರೆ, ಎಷ್ಟೇ ನುಣ್ಣಗೆ ಅರೆದರೂ ಆ ಪುಡಿಯು ದ್ರವದಲ್ಲಿ ನಿಲ್ಲದೆ ತಳಕ್ಕಿಳಿಯುತ್ತಿದ್ದುದು. ಪ್ರಾಚೀನ ಈಜಿಪ್ಟಿನಲ್ಲಿ ಇಟ್ಟಿಗೆಯ ಮಣ್ಣಿಗೆ ಹುಲ್ಲನ್ನು ಬೆರೆಸುತ್ತಿದ್ದರೆಂಬ ಬೈಬಲಿನ ವೃತ್ತಾಂತದಿಂದ ಪ್ರೇರಿತನಾಗಿ, ಹುಲ್ಲಿನ ಕಷಾಯವು ಜೇಡಿಮಣ್ಣಿನ ಗುಣವನ್ನೇ ಮಾರ್ಪಡಿಸುವುದನ್ನೂ, ಸಸ್ಯಜನ್ಯವಾದ ಟ್ಯಾನಿನ್ನಿಗೂ ಅದೇ ಶಕ್ತಿಯಿರುವುದನ್ನೂ ಮೊದಲೇ ಕಂಡುಕೊಂಡಿದ್ದ ಆತನು, 1906ರಲ್ಲಿ ಟ್ಯಾನಿನ್ನನ್ನು ಗ್ರ್ಯಾಫೈಟಿನ ಮೇಲೆ ಪ್ರಯೋಗಿಸಲು, ಕಣಗಳು ಒಂದಕ್ಕೊಂದು ಅಂಟದೆ ನೀರಿನಲ್ಲಿ ಕಲಿಲರೂಪವಾಗಿ ನಿಂತವು. ಬಳಿಕ ಅವನ್ನು ಎಣ್ಣೆಗೆ ಸಾಗಿಸಿ, ಆಯಿಲ್‌ಡ್ಯಾಗ್ ಎಂಬ ಹೆಸರಿನಿಂದ ಪೇಟೆಗೆ ತಂದನು. ಶೋಧಕನ ಬುದ್ಧಿಯು ಇಷ್ಟು ದೂರದ ಎರಡು ವಸ್ತುಗಳನ್ನು ಹೀಗೆ ಬೆಸೆದುದನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಆದರೆ ಶೋಧವು ಎಷ್ಟೇ ಸೊಗಸಾಗಿರಲಿ, ಅದರ ಉಪಯೋಗದ ಎಲ್ಲೆಯನ್ನು ಗುರುತಿಸಲೇಬೇಕು. ಇಂಗ್ಲೆಂಡಿನ ಬೋಶಾಂಪ್ ಟವರ್ 1883ರ ಸುಮಾರಿಗೆ ರೈಲ್ವೆ ಅಚ್ಚಿನ ಬೇರಿಂಗೊಂದಕ್ಕೆ ರಂಧ್ರವನ್ನು ಕೊರೆದಾಗ, ಅದಕ್ಕೆ ಬಡಿದ ಮರದ ಬಿರಡೆಯನ್ನು ಒಳಗಿನ ಎಣ್ಣೆಯ ಒತ್ತಡವೇ ಹೊರಕ್ಕೆ ತಳ್ಳಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದರ ಗಣಿತವನ್ನು ವಿವರಿಸಿದನು. ವೇಗವಾಗಿ ತಿರುಗುವ ಅಚ್ಚು ತಾನೇ ಸೆಳೆದುಕೊಂಡ ಎಣ್ಣೆಯ ಪದರದ ಮೇಲೆ ತೇಲುತ್ತಿದ್ದು, ಲೋಹವು ಲೋಹವನ್ನು ಮುಟ್ಟುವುದೇ ಇಲ್ಲವಾದರೆ, ಅಲ್ಲಿ ಗ್ರ್ಯಾಫೈಟಿಗೆ ಮಾಡತಕ್ಕ ಕೆಲಸವೇನಿದೆ? ಯಂತ್ರವು ಆಗತಾನೆ ಚಲಿಸತೊಡಗಿದಾಗ, ನಿಲ್ಲಲಿರುವಾಗ, ಭಾರವು ಅತಿಯಾಗಿ ಪದರವು ಹರಿದಾಗ, ಶಾಖಕ್ಕೆ ಎಣ್ಣೆ ಸುಟ್ಟುಹೋದಾಗ ಮಾತ್ರ ಅದರ ಸರದಿ ಬರುತ್ತದೆ. ಗುಂಡುಗಳು ಉರುಳುವ ಸೂಕ್ಷ್ಮಾಂತರದ ಬೇರಿಂಗುಗಳಲ್ಲಿ ಗಟ್ಟಿ ಕಣಗಳೇ ಉಪದ್ರವವಾಗಬಹುದು. ಕಣಗಳು ಮತ್ತೆ ಗಂಟುಕಟ್ಟಿದರೆ ಸೋಸುಕದಲ್ಲಿ ಸಿಕ್ಕಿಬೀಳುವುವು. ಎಣ್ಣೆಯೆಲ್ಲವೂ ಕಪ್ಪಾದ ಮೇಲೆ, ಸವೆದ ಲೋಹದ ಸುಳಿವನ್ನು ಅದರ ಬಣ್ಣದಿಂದ ಗ್ರಹಿಸುವುದೂ ಸಾಧ್ಯವಾಗದು.

ಈ ವಿಷಯದಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ಸಂಶೋಧನೆಯೆಂದರೆ, ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಆರ್. ಎಚ್. ಸ್ಯಾವೇಜ್ 1948ರಲ್ಲಿ ಪ್ರಕಟಿಸಿದುದು. ಗ್ರ್ಯಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಹಾಳೆಹಾಳೆಯಾಗಿ ಅಡಕವಾಗಿವೆಯೆಂದೂ, ಹಾಳೆಗಳ ನಡುವಣ ಅಂತರವು 3.35 ಆಂಗ್‌ಸ್ಟ್ರಮ್ ಇದ್ದು ಅವುಗಳ ಬಂಧ ದುರ್ಬಲವಾದುದರಿಂದಲೇ ಅವು ಜಾರುತ್ತವೆಂದೂ, ಜಾರಿಕೆಯು ಆ ವಸ್ತುವಿನ ಸ್ವಭಾವಸಿದ್ಧ ಗುಣವೆಂದೂ ಅಂದಿನ ವಿದ್ವಾಂಸರು ನಂಬಿದ್ದರು. ಎರಡನೆಯ ಮಹಾಯುದ್ಧದಲ್ಲಿ ಅತ್ಯುನ್ನತಿಯಲ್ಲಿ ಹಾರಿದ ವಿಮಾನಗಳ ವಿದ್ಯುಜ್ಜನಕಗಳ ಇಂಗಾಲದ ಬ್ರಷ್‌ಗಳು, ನೆಲದ ಮೇಲೆ ದೀರ್ಘಕಾಲ ಬಾಳುತ್ತಿದ್ದರೂ, ಅಲ್ಲಿ ಕೆಲವೇ ಗಂಟೆಗಳಲ್ಲಿ ಸವೆದು ಧೂಳಾದುವು. ನಿರ್ವಾತದಲ್ಲಿ ಗ್ರ್ಯಾಫೈಟ್ ಬೇಗನೆ ಸವೆಯುವುದೆಂದೂ, ಸ್ವಲ್ಪ ನೀರಾವಿಯೋ ಇತರ ಕೆಲವು ಆವಿಗಳೋ ಮೇಲ್ಮೈಗೆ ಅಂಟಿದಾಗಲೇ ಜಾರಿಕೆ ಮರಳುವುದೆಂದೂ ಸ್ಯಾವೇಜ್ ತೋರಿಸಿಕೊಟ್ಟನು. ಎಣ್ಣೆಯಲ್ಲಿ ಮುಳುಗಿದ ಗ್ರ್ಯಾಫೈಟಿಗೆ ಆ ಕೊರತೆ ಒದಗುವುದು ಅಪೂರ್ವವೇ ಸರಿ. ಆದರೂ ಅಪಾಯದ ಸ್ಥಳದಿಂದಲೇ ಪ್ರಶ್ನೆಯನ್ನೆತ್ತಿಕೊಂಡು, ವಸ್ತುವನ್ನು ಅದರ ಪರಿಸರದೊಡನೆ ಪರೀಕ್ಷಿಸಿದ ಈ ರೀತಿಯು ಕೈಗಾರಿಕಾ ಸಂಶೋಧನೆಗೆ ಮಾದರಿಯಾಗಿ ನಿಲ್ಲತಕ್ಕುದು.

ಕಾರ್ಮಿಕನ ಸುರಕ್ಷತೆಯ ದೃಷ್ಟಿಯಿಂದ ನೋಡಿದರೆ ಸಂಗತಿಯು ಇನ್ನೂ ಗಂಭೀರವಾಗುತ್ತದೆ. ಎಣ್ಣೆ ಹಾಕುವುದೇ ಅಪಾಯದ ಕೆಲಸ. ಚಲಿಸುತ್ತಿರುವ ಯಂತ್ರವನ್ನು ಪರಿಶೀಲಿಸಿ ಅದಕ್ಕೆ ಎಣ್ಣೆ ಹಾಕುವುದು ಅನಿವಾರ್ಯವಾದಾಗ, ಮೈಗೆ ಒತ್ತಿದ ಉಡುಪನ್ನು ಧರಿಸಿದ, ವಿಶೇಷ ತರಬೇತಿ ಪಡೆದ ವಯಸ್ಕ ಪುರುಷನೇ ಅದನ್ನು ಮಾಡಬೇಕೆಂದು ನಮ್ಮ 1948ರ ಕಾರ್ಖಾನೆಗಳ ಅಧಿನಿಯಮವು 22ನೆಯ ಪ್ರಕರಣದಲ್ಲಿ ವಿಧಿಸಿದ್ದುದು ಈ ಕಾರಣದಿಂದಲೇ. ಎಣ್ಣೆ ಸೋರಿಹೋದ ಬೇರಿಂಗಿನಲ್ಲಿ ಉಳಿದ ಗ್ರ್ಯಾಫೈಟಿನ ಲೇಪವು ಯಂತ್ರವನ್ನು ನಿಲ್ಲಿಸಲು ಬೇಕಾದ ಅಲ್ಪಕಾಲವನ್ನು ಒದಗಿಸಬಲ್ಲುದು; ಆದರೆ ಆ ಲೇಪವಿದೆಯೆಂಬ ಧೈರ್ಯದಿಂದ ತಪಾಸಣೆಯನ್ನು ಮುಂದೂಡುವ ಆಡಳಿತವು, ಕಾದು ಕೆಂಡವಾದ ಬೇರಿಂಗಿನಿಂದ ಬೆಂಕಿಯನ್ನು ತಾನೇ ಕರೆದುಕೊಳ್ಳುತ್ತದೆ. ಲೋಹವನ್ನು ಕಾಯಿಸಿ ಬಡಿಯುವ ಶಾಲೆಗಳಲ್ಲಾದರೋ ಗ್ರ್ಯಾಫೈಟಿನ ಸೇವೆ ನಿಸ್ಸಂದೇಹವಾದುದು. ಕಾದ ಅಚ್ಚುಗಳ ಮೇಲೆ ಎರಚಿದ ಎಣ್ಣೆಯು ಹೊತ್ತಿ ಉರಿದು ಹೊಗೆ ಕಾರುತ್ತಿದ್ದಲ್ಲಿ, ನೀರಿನಲ್ಲಿ ಬೆರೆಸಿದ ಗ್ರ್ಯಾಫೈಟನ್ನು ತಂದುದರಿಂದ ಆ ಹೊಗೆಯೂ ಬೆಂಕಿಯ ಭಯವೂ ಬಹುಮಟ್ಟಿಗೆ ತಗ್ಗಿದುವು.

ಆದುದರಿಂದ ಈ ಮಿಶ್ರಣವನ್ನು ಮಾರುವವರು ಪರೀಕ್ಷೆಯ ಭಾರ, ವೇಗ ಮತ್ತು ಉಷ್ಣತೆಯನ್ನೂ, ಸೋಸುಕದಲ್ಲಿ ಅದು ಹೇಗೆ ನಡೆದುಕೊಂಡಿತೆಂಬುದನ್ನೂ ಡಬ್ಬಿಯ ಮೇಲೆ ಬರೆದು ತಿಳಿಸಲಿ; ಕಾರ್ಖಾನೆಯ ಹೊಣೆ ಹೊತ್ತವರು ಆ ವಿವರಗಳಿಲ್ಲದ ಡಬ್ಬಿಯನ್ನು ಉಗ್ರಾಣದೊಳಕ್ಕೆ ಬಿಟ್ಟುಕೊಳ್ಳದಿರಲಿ.