ಸರಾಸರಿಯೊಳಗೆ ಕಳೆದುಹೋದ ಕೂಸು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಐದು ವರ್ಷದೊಳಗಿನ ಬಡ ಮಕ್ಕಳು ಎಷ್ಟು? ಪ್ರಶ್ನೆ ಸರಳ. ಬಡತನದ ಕುರಿತ ದೊಡ್ಡ ದೊಡ್ಡ ವರದಿಗಳಲ್ಲಿ ಮಾತ್ರ ಇದಕ್ಕೆ ಉತ್ತರವಿಲ್ಲ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 'ಅತ್ಯಂತ ಹಿಂದುಳಿದ'ವು. ವಿಜಯಪುರ ಜಿಲ್ಲೆಯ ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಜಿಲ್ಲೆಯ ಸರಾಸರಿಯನ್ನು ಬದಿಗಿಟ್ಟು ತಾಲೂಕನ್ನೇ ಘಟಕವಾಗಿ ನೋಡಿದ್ದು ಆ ವರದಿಯ ದೊಡ್ಡ ಕೊಡುಗೆ. ಆದರೆ ತಾಲೂಕು ಹಿಂದುಳಿದಿದೆ ಎನ್ನುವುದು ಬೇರೆ, ಅಲ್ಲಿನ ಎಷ್ಟು ಕೂಸುಗಳಿಗೆ ಊಟ ಸಾಲುತ್ತಿಲ್ಲ ಎನ್ನುವುದು ಬೇರೆ.

ಇತ್ತೀಚೆಗೆ ಹೆಚ್ಚು ಉಲ್ಲೇಖವಾಗುವುದು ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ. ಅದರ 2023ರ ವರದಿಯಂತೆ ಕರ್ನಾಟಕದಲ್ಲಿ ಬಡವರ ಪ್ರಮಾಣ 2015-16ರಲ್ಲಿ ಶೇ. 12.77 ಇದ್ದದ್ದು, 2019-21ರಲ್ಲಿ ಶೇ. 7.58ಕ್ಕೆ ಇಳಿಯಿತು. ಸಂತೋಷವೇ. ಆದರೆ ಇದಕ್ಕೆ ಆಧಾರವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ತೆರೆದು ನೋಡೋಣ. ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಶೇ. 32.9ರಷ್ಟು ಮಕ್ಕಳಿಗೆ ತಕ್ಕ ತೂಕವಿಲ್ಲ. ಕುಂಠಿತ ಬೆಳವಣಿಗೆಗೆ ಬಡತನವೊಂದೇ ಕಾರಣವಲ್ಲ, ನಿಜ. ಆದರೂ ಇಷ್ಟೊಂದು ಅಂತರವೇಕೆ?

ಉತ್ತರ ಸೂಚ್ಯಂಕದ ಗಣಿತದಲ್ಲಿದೆ. ಅದರಲ್ಲಿ 12 ಸೂಚಕಗಳು. ಪೌಷ್ಟಿಕತೆಯ ತೂಕ ಆರರಲ್ಲೊಂದು ಪಾಲು. ಅಡುಗೆ ಇಂಧನ, ಶೌಚಾಲಯ, ವಸತಿ ಮುಂತಾದವುಗಳದ್ದು ತಲಾ ಇಪ್ಪತ್ತೊಂದರಲ್ಲೊಂದು ಪಾಲು. ಕೊರತೆಗಳ ಮೊತ್ತ ಮೂರರಲ್ಲೊಂದು ಪಾಲು ಮುಟ್ಟಿದರೆ ಮಾತ್ರ ಆ ಮನೆಯವರು ಬಡವರು. ಮಗು ಸೊರಗಿದೆ, ಕಟ್ಟಿಗೆ ಒಲೆ, ಶೌಚಾಲಯವಿಲ್ಲ, ಕಚ್ಚಾ ಮನೆ. ಇಷ್ಟನ್ನೂ ಕೂಡಿಸಿದರೆ ಸಿಗುವುದು ಶೇ. 31. ಉಳಿದದ್ದೆಲ್ಲ ಸರಿಯಿದ್ದರೆ ಆ ಮನೆ ಬಡ ಮನೆಯಲ್ಲ! ಇಲ್ಲಿ ಅಳೆಯುವುದು ಮನೆಯನ್ನು, ಮಗುವನ್ನಲ್ಲ.

ಇನ್ನು ಸ್ಥಳದ ಮಾತು. ಸಮೀಕ್ಷೆ ಒಂದು ಜಿಲ್ಲೆಗೆ ಆರಿಸಿಕೊಳ್ಳುವುದು ಸುಮಾರು 900 ಮನೆಗಳನ್ನು. ಅದರಿಂದ ಜಿಲ್ಲೆಯ ಅಂದಾಜು ಸಿಗುತ್ತದೆ, ತಾಲೂಕಿನದ್ದಲ್ಲ. ವಿಜಯಪುರ ನಗರವೂ ಇಂಡಿಯ ಹಳ್ಳಿಯೂ ಒಂದೇ ಸರಾಸರಿಯಲ್ಲಿ ಕರಗುತ್ತವೆ. ಕೂಲಿಗಾಗಿ ಗೋವಾ, ಮಹಾರಾಷ್ಟ್ರಕ್ಕೆ ಹೋದ ಕುಟುಂಬಗಳ ಮನೆಗೆ ಬೀಗ ಬಿದ್ದಿರುತ್ತದೆ. ಅಲ್ಲಿನ ಶೆಡ್ಡುಗಳು 2011ರ ಜನಗಣತಿ ಆಧರಿಸಿದ ಪಟ್ಟಿಗೆ ಸುಲಭವಾಗಿ ಸಿಗುವುದಿಲ್ಲ. ಮೇಲಾಗಿ '2019-21' ಎಂದು ಬರೆದಿದ್ದರೂ ಕರ್ನಾಟಕದಲ್ಲಿ ಸಮೀಕ್ಷೆ ನಡೆದದ್ದು ಲಾಕ್‌ಡೌನಿಗೂ ಮೊದಲು.

ಸಣ್ಣ ಪ್ರದೇಶದ ಅಂದಾಜು ಅಸಾಧ್ಯವೇ? ಅಲ್ಲ. ಅಮೆರಿಕದ ಜನಗಣತಿ ಇಲಾಖೆ 1990ರ ದಶಕದಿಂದ ಸಮೀಕ್ಷೆಯ ಜೊತೆಗೆ ತೆರಿಗೆ ಮತ್ತು ಆಹಾರ ನೆರವಿನ ದಾಖಲೆಗಳನ್ನು ಸೇರಿಸಿ ಕೌಂಟಿವಾರು ಬಡ ಮಕ್ಕಳ ಅಂದಾಜು ಕೊಡುತ್ತಿದೆ. ಶಾಲೆಗಳಿಗೆ ಹಣ ಹಂಚುವುದಕ್ಕೂ ಅದು ಬಳಕೆಯಾಗುತ್ತದೆ. ಆ ಯೋಜನೆಯಲ್ಲೂ ಐದು ವರ್ಷದೊಳಗಿನವರ ಅಂಕಿ ಸಿಗುವುದು ರಾಜ್ಯ ಮಟ್ಟದಲ್ಲಿ ಮಾತ್ರ. ಕೆಲಸ ಕಷ್ಟದ್ದೇ. ಆದರೆ ನಮ್ಮಲ್ಲಿ ಅವರಲ್ಲಿಲ್ಲದ ಒಂದು ಅನುಕೂಲವಿದೆ: ಊರೂರಿನ ಅಂಗನವಾಡಿ. ಅಲ್ಲಿ ಮಕ್ಕಳ ತೂಕ ಪ್ರತಿ ತಿಂಗಳು ದಾಖಲಾಗಬೇಕು. ಅದನ್ನು ಸಮೀಕ್ಷೆಯೊಂದಿಗೆ ತಾಳೆ ನೋಡಿ ತಾಲೂಕುವಾರು ಪ್ರಕಟಿಸಲು ಅಡ್ಡಿಯೇನು?

ಸಮುದಾಯದ ಪ್ರಶ್ನೆಯೂ ಇದೆ. 2006ರಲ್ಲಿ ಸಾಚಾರ್ ಸಮಿತಿ ರಾಷ್ಟ್ರೀಯ ದತ್ತಾಂಶ ಬ್ಯಾಂಕ್ ಬೇಕೆಂದಿತು. ಆದರೂ ಸಮೀಕ್ಷೆಯ ಜಿಲ್ಲಾ ಹಾಳೆಯಲ್ಲಿ ಮುಸ್ಲಿಮ್, ದಲಿತ, ಲಂಬಾಣಿ ಮಕ್ಕಳ ಪ್ರತ್ಯೇಕ ಲೆಕ್ಕವಿಲ್ಲ. ಯಾರ ಮಗು ಹೆಚ್ಚು ಹಸಿದಿದೆ ಎಂಬುದು ಗೊತ್ತಾಗದಿದ್ದರೆ ನೆರವನ್ನು ಎಲ್ಲಿಗೆ ಕಳುಹಿಸುವುದು?

ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ ತಾಲೂಕುಗಳು ಬೇರ್ಪಟ್ಟಿವೆ. ಹಳೆಯ ಪಟ್ಟಿ ಇನ್ನು ಸಾಲದು. 371ಜೆ ವಿಧಿಯ ಸೌಲಭ್ಯವೂ ಈ ಜಿಲ್ಲೆಗಿಲ್ಲ. 2024ರಲ್ಲಿ ಸರಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ಕುರಿತು ಮತ್ತೊಂದು ಸಮಿತಿ ನೇಮಿಸಿತು. ಇಂತಹ ಯಾವ ವರದಿ ಕೈಗೆ ಬಂದರೂ ನಾವು ಮೊದಲು ಹುಡುಕಬೇಕಾದದ್ದು ಒಂದೇ ಕಾಲಂ: ಐದು ವರ್ಷದೊಳಗಿನ ಮಕ್ಕಳು, ತಾಲೂಕುವಾರು. ಅದಿಲ್ಲದಿದ್ದರೆ ಕೇಳುವುದು ನಮ್ಮ ಹೊಣೆ.